ಹದಿನಾಲ್ಕು ಚಂದ್ರಿಕೆ ತಂದ ದಾರಿ

ಶೀಲಾ, ಅಂತೋಣಿ, ನಿಮ್ಮ ಅಜ್ಜಿಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ ಎಂದು ನೀವು ನಗುತ್ತೀರಿ. ಅದು ನಿಜ. ಅದಕ್ಕೇ ಬರೆದಿಡುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ. ಬೆಂಗಳೂರು–ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದ ಕಾಲದಲ್ಲಿ, ಒಂದು ದಿನ ಹೊಂಗನೂರಿನಿಂದ ಮಾಗಡಿ ಕಡೆಗೆ ಹೊರಟು ಅರ್ಧ ದಾರಿಯಿಂದಲೇ ಹಿಂದಿರುಗಿದ ಪ್ರಯಾಣ ಇದು. ಶೀಲಾ, ನೀನಾಗ ತೊಟ್ಟಿಲಲ್ಲಿದ್ದೆ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು.

ಹೊರಡುವ ಹಾಗೆ ಮಾಡಿಕೊಂಡವಳು ನಾನೇ. ರೇಷ್ಮೆ ಹುಳ ಮೇವು ಬಿಟ್ಟು ಹಣ್ಣಾದ ಕೂಡಲೇ ಅದನ್ನು ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ಕಟ್ಟಿದ ದೊಡ್ಡ ಚಾಪೆಗೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ತಡವಾದರೆ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ನಮ್ಮ ಇಪ್ಪತ್ತು ಚಂದ್ರಿಕೆಗಳನ್ನು ನಾಲ್ಕು ದಿನದ ಹಿಂದೆ ಪಕ್ಕದ ಮನೆಯ ಕೆಂಪಮ್ಮನಿಗೆ ಕೊಟ್ಟಿದ್ದೆ. ಅವಳ ಹುಳ ಮೊದಲು ಹಣ್ಣಾಗಿತ್ತು. ನಮ್ಮ ಹುಳಕ್ಕೆ ಇನ್ನೂ ಆರು ದಿನವಿದೆ, ಅಷ್ಟರಲ್ಲಿ ಅವಳು ಗೂಡು ಬಿಡಿಸಿ ವಾಪಸ್ ಕೊಡುತ್ತಾಳೆ ಎಂದು ಎಣಿಸಿದ್ದೆ. ಸೆಕೆ ಹೆಚ್ಚಾದರೆ ಹುಳ ಬೇಗ ಹಣ್ಣಾಗುತ್ತದೆ ಎಂಬುದು ಗೊತ್ತಿದ್ದೂ ಆ ವಾರದ ಸೆಕೆಯನ್ನು ಎಣಿಕೆಗೆ ಹಿಡಿಯಲಿಲ್ಲ.

ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಅಮ್ಮ ತೆರೇಸ ಹುಳದ ಮನೆಯಿಂದ ಹೊರಗೆ ಬಂದಳು.

“ಅತ್ತೆ, ಹುಳ ತಲೆ ಎತ್ಕೊಂಡು ತಟ್ಟೆ ಅಂಚಿಗೆ ಹರೀತಾವೆ. ಸಂಜೆ ಹೊತ್ಗೆ ಎಲ್ಲಾ ಹಣ್ಣಾಯ್ತವೆ.”

“ಕೆಂಪಮ್ಮನ ಗೂಡು ಇನ್ನೂ ಹಸಿ ಕಣವ್ವ. ಈಗ ಬಿಡ್ಸಕ್ಕಾಗಲ್ಲ.”

“ನಂಗೆ ಒಂದು ಮಾತು ಕೇಳ್ದೆ ಕೊಟ್ಬುಟ್ರಲ್ಲ,” ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ನಿಮ್ಮ ಅಪ್ಪ ಬಿಡದಿಯ ಫ್ಯಾಕ್ಟರಿಗೆ ಮೊದಲ ಶಿಫ್ಟಿಗೆ ಹೋಗಿಯಾಗಿತ್ತು. ಊರಲ್ಲಿ ಎಲ್ಲರ ಚಂದ್ರಿಕೆಯೂ ತುಂಬಿತ್ತು. ರಾಮನಗರ ದಾಟಿ ಮಾಗಡಿ ರಸ್ತೆಯ ಹಳ್ಳಿಯಲ್ಲಿದ್ದ ನನ್ನ ತಮ್ಮ ಹುಳ ಸಾಕುವುದನ್ನು ಬಿಟ್ಟಿದ್ದ. ಅವನ ಅಟ್ಟದಲ್ಲಿ ಹಳೆಯ ಚಂದ್ರಿಕೆ ಇರಬೇಕು ಎಂದು ನೆನಪಾಯಿತು. ಅವನಿಗೆ ಫೋನಿರಲಿಲ್ಲ. ಒಬ್ಬಳೇ ಅಷ್ಟು ದೂರ ಎಂದೂ ಹೋಗಿರದ ನಾನು ಜಪಸರವನ್ನು ಸೆರಗಿಗೆ ಕಟ್ಟಿಕೊಂಡು ಹೊರಟೆ.

ಚನ್ನಪಟ್ಟಣದಲ್ಲಿ ರಾಮನಗರದ ಪ್ರೈವೇಟ್ ಬಸ್ ಹತ್ತಿದಾಗ ಒಂಬತ್ತು ಗಂಟೆ. ಟಿಕೆಟ್ ಆರು ರೂಪಾಯಿ, ದೂರ ಹನ್ನೆರಡು ಕಿಲೋಮೀಟರು, ಅರ್ಧ ಗಂಟೆಯ ದಾರಿ. ಆದರೆ ಊರು ದಾಟುತ್ತಲೇ ಹೆದ್ದಾರಿಯನ್ನು ಅಗೆದು ಹಾಕಿದ್ದರು. ರಸ್ತೆ ಬದಿಯ ಮರಗಳ ಬುಡ ಮಾತ್ರ ಉಳಿದಿದ್ದವು. ಡ್ರೈವರ್ ಬಸ್ಸನ್ನು ಎಡಕ್ಕೆ, ಹೊಲಗಳ ನಡುವಿನ ಮಣ್ಣು ದಾರಿಗೆ ಇಳಿಸಿದ. ಮುಂದೆ ಜಲ್ಲಿ ತುಂಬಿದ ಟಿಪ್ಪರೊಂದು ದಾರಿಗೆ ಅಡ್ಡವಾಗಿ ಮಗುಚಿಕೊಂಡಿತ್ತು.

“ಇಳೀರಿ, ಇಳೀರಿ. ಎರಡು ಗಂಟೆ ಅಂತೂ ಆಯ್ತದೆ,” ಎಂದ ಕಂಡಕ್ಟರ್.

ಜರಿಪಂಚೆ ಉಟ್ಟಿದ್ದ ಒಬ್ಬರು, “ಏನ್ಲಾ, ತಾಳಿ ಕಟ್ಟಿದ ಮೇಲೆ ತಲುಪುಸ್ತೀಯಾ ನನ್ನ?” ಎಂದರು.

“ಊಟದ ಹೊತ್ಗೆ ಬುಡ್ತೀನಿ ಬುಡಣ್ಣ. ನೀನು ಹೊಂಟಿರೋದು ಅದಕ್ಕೇ ಅಲ್ವಾ?”

ಎಲ್ಲರೂ ನಕ್ಕರು. ನನಗೆ ತಟ್ಟೆಯ ಅಂಚಿನಲ್ಲಿ ಹರಿಯುವ ಹುಳಗಳೇ ಕಣ್ಣಮುಂದೆ. ಹೊಂಗೆ ಮರದ ಕೆಳಗೆ ಕೂತು, “ಸ್ವಾಮಿ, ಕೇಳದೆ ಕೊಟ್ಟದ್ದು ತಪ್ಪಾಯಿತು. ಈ ದಾರಿಯೊಂದನ್ನು ಬಿಡಿಸಿಕೊಡು,” ಎಂದು ಜಪ ಮಾಡಿದೆ. ಒಂದು ಸರ ಮುಗಿಯಿತು, ಎರಡನೆಯದೂ ಮುಗಿಯಿತು. ಟಿಪ್ಪರ್ ಅಲುಗಲಿಲ್ಲ. ಹನ್ನೊಂದು ಗಂಟೆಯಾಯಿತು. ಬಾಯಾರಿಕೆ ತಡೆಯಲಾರದೆ ಎದ್ದು ಹತ್ತಿರದ ಮನೆಗಳ ಕಡೆ ನಡೆದೆ.

ಮೂರನೆಯ ಮನೆಯ ಗೋಡೆಗೆ ಚಂದ್ರಿಕೆಗಳನ್ನು ಒರಗಿಸಿ ಬಿಸಿಲಿಗೆ ಇಟ್ಟಿದ್ದರು. ತೊಳೆದಿಟ್ಟ ಖಾಲಿ ಚಂದ್ರಿಕೆಗಳು. ನೋಡುತ್ತ ನಿಂತೆನೇ ಹೊರತು ಮಾತು ಹೊರಡಲಿಲ್ಲ.

ಬಾಗಿಲಿನಿಂದ ನನ್ನ ವಯಸ್ಸಿನ ಹೆಂಗಸೊಬ್ಬಳು ಕೂಗಿದಳು. “ಯಾರವ್ವ ಅದು? ಅಲ್ಲೇ ನಿಂತ್ಕೊ. ಒಳಗೆ ಹುಳ ಐತೆ.”

ಅವಳ ಹೆಸರು ದೇವೀರಮ್ಮ. ನೀರು ತಂದುಕೊಟ್ಟಳು. ನೀರು ಕುಡಿದ ಮೇಲೆ ತಡವರಿಸುತ್ತ ಎಲ್ಲವನ್ನೂ ಹೇಳಿದೆ.

“ನಮ್ಮ ಹುಳ ಇನ್ನೂ ಮೂರನೇ ಜ್ವರಕ್ಕೆ ಕೂತವೆ. ಹನ್ನೆರಡು ದಿನ ಬೇಕು ಹಣ್ಣಾಗಕ್ಕೆ,” ಎಂದು ಗಂಡನ ಮುಖ ನೋಡಿದಳು. ಜ್ವರ ಎಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಜಗಲಿಯಲ್ಲಿ ಕೂತಿದ್ದ ಆತ ನನ್ನನ್ನೇ ದಿಟ್ಟಿಸಿ, “ನಿಮ್ಮ ಮನೇಲಿ ಸುಣ್ಣಕಟ್ಟು ಬಂದಿತ್ತಾ?” ಎಂದು ಕೇಳಿದ.

ಸುಣ್ಣಕಟ್ಟು ಬಂದರೆ ಹುಳ ಸುಣ್ಣದ ಕಡ್ಡಿಯಂತೆ ಬೆಳ್ಳಗಾಗಿ ಸಾಯುತ್ತದೆ. ಆ ರೋಗ ಚಂದ್ರಿಕೆಗೆ ಅಂಟಿ ಮನೆಯಿಂದ ಮನೆಗೆ ಹೋಗುತ್ತದೆ. ಹಿಂದಿನ ಬೆಳೆಯಲ್ಲಿ ನಮ್ಮ ಅರ್ಧ ತಟ್ಟೆಗಳು ಹಾಗೇ ಹೋಗಿದ್ದವು. ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಮಕ್ಕಳೇ. ಅವರಿಗೆ ಹೇಗೆ ಗೊತ್ತಾಗಬೇಕು? ಸೆರಗಿನ ಗಂಟಿನಲ್ಲಿದ್ದ ಜಪಸರ ಕೈಗೆ ಸಿಕ್ಕಿತು.

“ಹೋದ ಬೆಳೇಲಿ ಬಂದಿತ್ತು. ಈ ಸಲ ಇಲ್ಲ,” ಎಂದೆ.

“ಬ್ಯಾಡ ಕಣಮ್ಮಿ,” ಎಂದು ಆತ ಹೆಂಡತಿಗೆ ಹೇಳಿ ಎದ್ದ.

ನಾನು ಚೊಂಬನ್ನು ಕೆಳಗಿಟ್ಟು ತಿರುಗಿದೆ. ಹತ್ತು ಹೆಜ್ಜೆ ಹಾಕಿರಬಹುದು. ಹಿಂದಿನಿಂದ ದೇವೀರಮ್ಮನ ದನಿ ಕೇಳಿಸಿತು. “ನೀನು ಸುಮ್ಕಿರು. ಈ ಸೀಮೇಲಿ ಸುಣ್ಣಕಟ್ಟು ಕಾಣದ ಮನೆ ಯಾವ್ದೈತೆ? ಇದ್ದದ್ದ ಇದ್ದಂಗೆ ಹೇಳೋಳು, ಔಷ್ದಿ ಹಾಕಿ ತೊಳ್ದು ತಂದ್ಕೊಡಲ್ವಾ? ಬಾರವ್ವ ಇಲ್ಲಿ. ಹದಿನಾಲ್ಕು ಅವೆ, ತಗೊಂಡೋಗು.”

ಆತ ಗೊಣಗಿಕೊಂಡೇ ಹಗ್ಗ ತಂದು ಎರಡು ಕಟ್ಟು ಕಟ್ಟಿದ. ಬ್ಲೀಚಿಂಗ್ ನೀರಲ್ಲಿ ಅದ್ದಿ ಮೂರು ಬಿಸಿಲು ಕಾಣಿಸದೆ ತರಬಾರದು ಎಂದು ಎರಡು ಸಲ ಹೇಳಿದ. ಟಿಪ್ಪರ್ ಏಳದೆ ಎರಡು ಗಂಟೆಯ ಹೊತ್ತಿಗೆ ಚನ್ನಪಟ್ಟಣದ ಕಡೆಗೆ ತಿರುಗಿಸಿದ ನಮ್ಮ ಬಸ್ಸಿನ ಟಾಪಿಗೆ ಅವನೇ ಹತ್ತಿ ಕಟ್ಟುಗಳನ್ನು ಏರಿಸಿದ.

“ಇದೇನಮ್ಮೋ, ಬಸ್ಸಾ, ಎತ್ತಿನ ಗಾಡಿಯಾ?” ಎಂದ ಕಂಡಕ್ಟರ್.

“ಗಾಡಿ ಆಗಿದ್ರೆ ಇಷ್ಟೊತ್ಗೆ ಊರು ಸೇರ್ತಿದ್ದೆ ಕಣಪ್ಪ,” ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಇಂದಿಗೂ ತಿಳಿಯದು.

ಚನ್ನಪಟ್ಟಣದಿಂದ ಲಗೇಜ್ ಆಟೋ ಹಿಡಿದು ಮನೆ ಮುಟ್ಟಿದಾಗ ನಾಲ್ಕು ಗಂಟೆ. ಕೆಲವು ಹುಳ ಆಗಲೇ ತಟ್ಟೆಯ ಮೂಲೆಯಲ್ಲಿ ನೂಲು ಬಿಡಲು ತೊಡಗಿದ್ದವು. ತೆರೇಸ ಕಟ್ಟು ಬಿಚ್ಚಿದಳು. ಕತ್ತಲಾಗುವವರೆಗೆ ಇಬ್ಬರೂ ಹುಳ ಆರಿಸಿ ಬಿಟ್ಟೆವು. ಚಂದ್ರಿಕೆ ಸಾಲದೆ ಉಳಿದ ಹುಳಗಳನ್ನು ಒಣಗಿದ ಹಿಪ್ಪುನೇರಳೆ ಕಡ್ಡಿಯ ಮೇಲೆ ಬಿಟ್ಟೆವು. ಆ ಗೂಡು ಅಷ್ಟು ಚೆನ್ನಾಗಿ ಬರಲಿಲ್ಲ. ಚಂದ್ರಿಕೆಯ ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂತು.

ಕೊನೆಯ ತಟ್ಟೆ ಖಾಲಿಯಾದಾಗ ಅವಳು ಕೈ ಒರೆಸಿಕೊಂಡು, “ವಾಪಸ್ ಕೊಡಕ್ಕೆ ಹೋಗುವಾಗ ನಾನೂ ಬತ್ತೀನಿ ಅತ್ತೆ. ಆ ಮನೆಯವ್ರನ್ನ ಒಸಿ ನೋಡ್ಬೇಕು,” ಎಂದಳು.

ಭಾನುವಾರ ನಮ್ಮ ಇಗರ್ಜಿಗೆ ಬಂದಿದ್ದ ತಮ್ಮ ಸಿಕ್ಕಿದ. ಅವನ ಅಟ್ಟದ ಚಂದ್ರಿಕೆಗಳಿಗೆ ಗೆದ್ದಲು ಹತ್ತಿ, ಒಲೆಗೆ ಹಾಕಿ ವರ್ಷವಾಗಿತ್ತಂತೆ. ನಾನು ಬೇಡಿದಂತೆ ದಾರಿ ಬಿಟ್ಟಿದ್ದರೆ ನೇರವಾಗಿ ಹೋಗಿ ಬರಿಗೈಯಲ್ಲಿ ಬರುತ್ತಿದ್ದೆ. ಅಂದಿನಿಂದ ನಾನು ದೇವರಲ್ಲಿ ಸಹಾಯ ಕೇಳುತ್ತೇನೆ, ಬರುವ ದಾರಿಯನ್ನು ನಾನೇ ಹೇಳಿಕೊಡುವುದಿಲ್ಲ.

ಇನ್ನೊಂದು ಮಾತು. ಕೊಟ್ಟದ್ದು ತಪ್ಪು ಎಂದು ಬೆಳಿಗ್ಗೆಯೆಲ್ಲ ಕ್ಷಮೆ ಬೇಡಿದ್ದೆ. ಮಧ್ಯಾಹ್ನ ಅದೇ ತಪ್ಪನ್ನು, ಹೆಸರೂ ಗೊತ್ತಿಲ್ಲದ ನನಗಾಗಿ, ಇನ್ನೊಬ್ಬಳು ಗಂಡನ ಮಾತು ಮೀರಿ ಮಾಡಿದಳು. ನಮ್ಮ ಮನೆ ಉಳಿದದ್ದು ಅದರಿಂದ. ಈ ಹಾಳೆಗಳನ್ನು ತಾತನ ಬೈಬಲ್ಲಿನೊಳಗೆ ಇಟ್ಟು ಜೋಪಾನ ಮಾಡಿ. ಯಾರಾದರೂ ನಿಮ್ಮ ಬಾಗಿಲಲ್ಲಿ ಮಾತು ಬಾರದೆ ನಿಂತ ದಿನ ತೆಗೆದು ಓದಿ, ಮತ್ತೆ ಅಲ್ಲಿಯೇ ಇಡಿ.