ಪರದೇಶಕ್ಕೆ ಹೋದ ಶೇಂಗಾ

ಎಂಬತ್ತರ ದಶಕದ ಮೊದಲ ವರ್ಷಗಳವು. ಕೊಪ್ಪಳದಿಂದ ಇರಕಲ್ಲಗಡದ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ಚಿಗವ್ವನ, ಅಂದರೆ ತಾಯಿಯ ತಂಗಿಯ, ಹೊಲವಿತ್ತು. ಕೆಂಪು ಮಸಾರಿ ನೆಲ, ಶೇಂಗಾ ಚೆನ್ನಾಗಿ ಬರುತ್ತಿತ್ತು. ಆ ಹೊಲವನ್ನೂ ಸುತ್ತಲಿನ ಕೆಲವನ್ನೂ ಸರಕಾರ ಕಾರ್ಖಾನೆಗೆಂದು ಕೇಳಿತು. ಇದು ಹಿಂದುಳಿದ ಸೀಮೆ, ಇಲ್ಲಿಗೆ ಬಂದವರಿಗೆ ಕೆಲವು ವರ್ಷ ತೆರಿಗೆ ಇಲ್ಲ, ಮಾಲೆಲ್ಲ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ ಎಂದರು. ಭೂಮಿ ಕೊಟ್ಟ ಮನೆಯ ಒಬ್ಬರಿಗೆ ಕಾಯಂ ಕೆಲಸ ಎಂದೂ ಹೇಳಿದರು.

ಅವಳ ಗಂಡ ಕಾಕಾನಿಗೆ ಮನಸ್ಸಿರಲಿಲ್ಲ. ಹಟ ಹಿಡಿದವಳು ಚಿಗವ್ವ.

"ತಿಂಗಳಾ ತಿಂಗಳಾ ಪಗಾರ ಬಂದ್ರ ಮಕ್ಕಳು ಸಾಲಿ ಕಲೀತಾವ. ಸುಮ್ನ ಹೂಂ ಅನ್ರಿ," ಎಂದಳು.

ಕಾಕಾ ಹೆಬ್ಬೆಟ್ಟು ಒತ್ತಿದ.

ಬಂದದ್ದು ಶೇಂಗಾ ಕಾರ್ಖಾನೆಯೇ. ಯಂತ್ರ ಕಾಯಿ ಒಡೆಯುತ್ತಿತ್ತು, ನಾವು ಹೆಂಗಸರು ಸಾಲಾಗಿ ಕೂತು ಬೀಜ ಆರಿಸುತ್ತಿದ್ದೆವು. ದುಂಡಗಿನ, ಕಲೆಯಿಲ್ಲದ ಬೀಜ ಪರದೇಶಕ್ಕೆ. ಮುರುಕು, ಸುಕ್ಕು ಎಣ್ಣೆ ಗಿರಣಿಗೆ. ಚಿಗವ್ವನ ಜೊತೆ ನಾನೂ ಸೇರಿಕೊಂಡಿದ್ದೆ. ಸಂಜೆ ಗೇಟಿನಲ್ಲಿ ಕಾವಲಿನವಳು ನಮ್ಮ ಸೆರಗು ಜಾಡಿಸಿ ನೋಡುತ್ತಿದ್ದಳು. ಒಂದು ದಿನ ಚಿಗವ್ವನ ಮಡಿಲಿನಿಂದ ನಾಲ್ಕಾರು ಬೀಜ ಉದುರಿದವು. ಕೆಲಸದ ಭರದಲ್ಲಿ ಸಿಡಿದು ಬಿದ್ದಿದ್ದವೇ ಹೊರತು ಅವಳು ಬಚ್ಚಿಟ್ಟದ್ದಲ್ಲ. ಕಾವಲಿನವಳು ಎಲ್ಲರ ಮುಂದೆ ಕಳ್ಳಿ ಅಂದಳು.

ಚಿಗವ್ವ ಸೆರಗು ಬಿಗಿದು ಮುಂದೆ ಮುಂದೆ ನಡೆದಳು. ಊರು ಹತ್ತಿರವಾದಾಗ, "ಇದ ಹೊಲದಾಗ ಪುಟ್ಟಿ ತುಂಬಿ ಶೇಂಗಾ ಹಾದು ಹೋಗೋರಿಗೆ ಕೊಟ್ಟಾಕಿ ನಾ," ಎಂದಳು. ಮರುದಿನ ಮತ್ತೆ ಕೆಲಸಕ್ಕೆ ಹೋದಳು. ಹೋಗದೆ ಮಾಡುವುದೇನು?

ತೆರಿಗೆಯ ರಿಯಾಯಿತಿ ಮುಗಿದ ವರ್ಷವೇ ಯಂತ್ರಗಳನ್ನು ಬಿಚ್ಚಿ ಲಾರಿಗೆ ಏರಿಸತೊಡಗಿದರು. ಮ್ಯಾನೇಜರು ಬೆಂಗಳೂರು ಕಡೆಯವರು, ಒಳ್ಳೆಯ ಮಾತಿನವರು. ನಾವಿಬ್ಬರೂ ಅವರ ಮುಂದೆ ಹೋಗಿ ನಿಂತೆವು.

"ಎಲ್ಲಿಗೆ ಒಯ್ಯಾಕತ್ತೀರಿ ಸಾಹೇಬ್ರ?" ಎಂದು ನಾನು ಕೇಳಿದೆ.

"ಆಂಧ್ರದ ಕಡೆಗೆ. ಅಲ್ಲಿ ಹೊಸದಾಗಿ ರಿಯಾಯಿತಿ ಕೊಡ್ತಾರೆ."

"ನಮ್ಮದು ಕಾಯಂ ಕೆಲಸ ಅಂದಿದ್ರಿ. ನಮ್ಮನ್ನೂ ಕರಕೊಂಡು ಹೋಗ್ರಿ," ಎಂದಳು ಚಿಗವ್ವ.

ಅವರು ಸಿಟ್ಟಾಗಲಿಲ್ಲ. "ಅಲ್ಲೂ ಹೆಂಗಸರು ಇದ್ದಾರಲ್ಲಮ್ಮ," ಎಂದರು.

ಹೊಲವಾದರೂ ವಾಪಸು ಸಿಗಬಹುದೆಂದು ಕೊಪ್ಪಳದ ಕಚೇರಿಗೆ ಅಲೆದೆವು. ಅದು ಇನ್ನು ಹೊಲವಲ್ಲ, ಕೈಗಾರಿಕೆಯ ಜಾಗ, ಬೇರೆ ಯಾರಾದರೂ ಬರುತ್ತಾರೆ ಎಂದರು. ಯಾರೂ ಬರಲಿಲ್ಲ. ಹೊಲ ವಾಪಸು ಬಂದಿದ್ದರೂ ಅಲ್ಲಿ ಬಿತ್ತುವಂತಿರಲಿಲ್ಲ. ನೆಲಕ್ಕೆಲ್ಲ ಸಿಮೆಂಟು ಹಾಕಿದ್ದರು.

ಚಿಗವ್ವ ಹಿರಿಯ ಮಗಳನ್ನು ಸಾಲಿ ಬಿಡಿಸಿದಳು. ಅವಳು, ಮಗಳು, ನಾನು ಮೂವರೂ ಕಾರಟಗಿಯ ಕಡೆ ಭತ್ತದ ನಾಟಿಗೆ ಹೋಗತೊಡಗಿದೆವು. ಕಾಕಾ ಮನೆಯಲ್ಲೇ ಉಳಿದ. ಅವನು ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಮಾತು ಬಿಟ್ಟಿದ್ದ. ಉಣ್ಣಲು ಕರೆದರೆ ಬಂದು ಕೂತು ಉಂಡು ಎದ್ದು ಹೋಗುತ್ತಿದ್ದ.

ಕೆಸರಿನಲ್ಲಿ ಬಾಗಿ ಸಸಿ ಊರುತ್ತಿದ್ದಾಗ ಒಮ್ಮೆ ಚಿಗವ್ವ ನನಗೆ ಹೇಳಿದಳು: "ನಾ ಬ್ಯಾಡ ಅಂದಿದ್ದಿಲ್ಲೇನ ಅಂತ ಒಂದ್ಸಲ ಬೈದುಬಿಟ್ರ ಹಗುರ ಆಗ್ತಿತ್ತು ನೋಡವ್ವ."

ಅವನು ಕೊನೆಯವರೆಗೂ ಬೈಯಲಿಲ್ಲ.