ನಡುಮನೆಯ ನೆಲ ಒಡೆದ ಮಣ್ಣು

ಬಸ್ ಕಂಡಕ್ಟರಾಗಿ ಸರ್ವೀಸು ಮುಗಿಸಿದವನಿಗೆ ಒಂದು ಕಾಯಿಲೆ ಉಳಿದುಬಿಡುತ್ತದೆ. ಯಾರೇ ಎದುರಾದರೂ ನಾವು ಮೊದಲು ಮುಖ ನೋಡುವುದಿಲ್ಲ, ಟಿಕೆಟ್ ಇದೆಯೋ ಇಲ್ಲವೋ ಎಂದು ಕೈ ನೋಡುತ್ತೇವೆ. ಕೆ.ಆರ್. ಪೇಟೆ, ಪಾಂಡವಪುರ, ನಾಗಮಂಗಲ, ಬೆಳ್ಳೂರು ಕ್ರಾಸ್ ಎಂದು ತಿರುಗಿದ್ದೇ ತಿರುಗಿದ್ದು. ನಿಜವಾಗಿ ನಿದ್ದೆ ಬಂದವನ ಕುತ್ತಿಗೆಯೂ ಟಿಕೆಟ್ ತಪ್ಪಿಸಲು ನಿದ್ದೆ ನಟಿಸುವವನ ಕುತ್ತಿಗೆಯೂ ಬೇರೆ ಬೇರೆ ಥರ ವಾಲುತ್ತವೆ ಎಂಬುದು ನನಗೆ ಗೊತ್ತು. ಅಂಥ ನನ್ನನ್ನೇ ಊರು ಕಳ್ಳನ ಹಾಗೆ ನೋಡುವ ಕಾಲ ಬಂದದ್ದು, ನಮ್ಮ ನಡುಮನೆಯ ನೆಲವನ್ನು ನಾನೇ ಒಡೆಯಲು ಕೂತ ಮೇಲೆ.

ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮಪ್ಪ ಕಟ್ಟಿಸಿದ ಮನೆ ಅದು. ನನಗೂ ನಮ್ಮಣ್ಣನಿಗೂ ಸೇರಿದ್ದು, ಇನ್ನೂ ಪಾಲಾಗಿಲ್ಲ. ಅಣ್ಣ ಮದುವೆಯಾಗಿ ನಾಗಮಂಗಲದ ಕಡೆಯ ಹಳ್ಳಿಗೆ ಮನೆ ಅಳಿಯನಾಗಿ ಹೋದ. ಅಲ್ಲೇ ಹೊಲ, ಅಲ್ಲೇ ಹಸು, ಅಲ್ಲೇ ಡೇರಿ. ಆದರೆ ಪಿತೃಪಕ್ಷ ಬಂತೆಂದರೆ ಅವನು ಈ ಮನೆಗೆ ಬಂದೇ ಬರಬೇಕು. ಹಿರಿಯರಿಗೆ ಎಡೆ ಇಟ್ಟು ಧೂಪ ಹಾಕುವುದು ಹಿರೀಮಗನ ಕೆಲಸ. ಅವನು ಹಾಕಿದ ಮೇಲೆ ನಾನು. ಈ ಕ್ರಮ ಒಂದು ವರ್ಷವೂ ತಪ್ಪಿದ್ದಿಲ್ಲ.

ಎಡೆ ಇಡುವ ಆ ನಡುಮನೆಯದ್ದು ಕೆಂಪು ಗಾರೆ ನೆಲ. ತಂಡಿ ಏರಿ ಏರಿ ಹಪ್ಪಳದಂತೆ ಉಬ್ಬಿಕೊಂಡಿತ್ತು. ಅಡುಗೆಮನೆ ಬಾಗಿಲ ಬಳಿ ಅದರಲ್ಲೊಂದು ಪುಟ್ಟ ಕಾಲಿನ ಗುರುತಿತ್ತು. ಗಾರೆ ಹಸಿಯಿದ್ದಾಗ ಅಣ್ಣ ಓಡಿ ಬಂದು ಇಟ್ಟದ್ದು. ಮೇಸ್ತ್ರಿ ತಿದ್ದಲು ಹೋದರೆ ಅವ್ವ ಬಿಡಲಿಲ್ಲವಂತೆ. ಅಣ್ಣ ಮನೆ ಅಳಿಯನಾಗಿ ಹೋದ ಮೇಲಂತೂ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದಳು. "ಅವ್ನು ಎಲ್ಲಾರಾ ಇರ್ಲಿ, ಕಾಲು ಮಾತ್ರ ಇಲ್ಲೇ ಅದೆ" ಎನ್ನುತ್ತಿದ್ದಳು.

ಈ ಸಲದ ಹಬ್ಬಕ್ಕೆ ಮುಂಚೆ ಟೈಲ್ಸ್ ಹಾಕಿಸೋಣವೆಂದು ಮೇಸ್ತ್ರಿಗಳನ್ನು ಕರೆದೆ. ಒಬ್ಬ ನಾಳೆ ಅಂದ, ಇನ್ನೊಬ್ಬ ಫೋನೇ ಎತ್ತಲಿಲ್ಲ. ನನಗೆ ಸಿಟ್ಟು ಬಂತು. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಸುತ್ತಿಗೆ, ಉಳಿ, ಹಾರೆ ತಂದು ನಾನೇ ಶುರುಮಾಡಿದೆ. ಅಣ್ಣನ ಕಾಲಿದ್ದ ಜಾಗವೂ ಚೂರಾಗಿ ಮೇಲೆದ್ದಿತು. ಎದ್ದ ಗಾರೆಯನ್ನು ಏನು ಮಾಡುತ್ತಾರೆ? ಉಳಿದದ್ದರ ಜೊತೆ ಸಿಮೆಂಟು ಚೀಲಕ್ಕೆ ತುಂಬಿದೆ.

ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಯವರು ಚೀಲ ಎತ್ತಲಿಲ್ಲ. ಹಸಿ ಕಸ ಒಂದು ಕಡೆ, ಒಣ ಕಸ ಒಂದು ಕಡೆ, ಇದು ಎರಡೂ ಅಲ್ಲ ಎಂದರು. ಊರಾಚೆ ಕಸದ ಘಟಕದಲ್ಲಿ ಒಡೆದ ಮಣ್ಣಿಗೆ ಬೇರೆ ಮೂಲೆ ಇದೆ, ನೀವೇ ತಂದು ಸುರಿದರೆ ಆಯಿತು ಎಂದೂ ಹೇಳಿದರು. ನಮ್ಮ ಕಡೆ ಹಾಗೆ ಹೊತ್ತುಕೊಂಡು ಹೋಗುವವರು ಯಾರೂ ಇಲ್ಲ. ಮನೆ ಒಡೆದ ಮಣ್ಣೆಂದರೆ ನಾಲೆ ಏರಿಯ ಪಾಲು, ಇಲ್ಲವೇ ಗುಂಡಿ ಮುಚ್ಚಲು ಕೇಳಿದವರ ಪಾಲು. ನನಗೇನೋ ಕಾಯಿದೆ ಪ್ರಕಾರ ನಡೆಯುವ ಚಟ. ಬಸ್ಸಿನಲ್ಲಿ ಕೋಳಿಗೂ ಟಿಕೆಟ್ ಹರಿದವನು ನಾನು.

ಎದುರು ಮನೆಯಲ್ಲಿ ಎಮ್ಮೆ ಕಟ್ಟಿಕೊಂಡಿರುವ ಯಜಮಾನರೊಬ್ಬರಿದ್ದಾರೆ. ಮೊದಲ ದಿನವೇ ಬಂದು ಕೇಳಿದರು.

"ಕಂಡಕ್ಟ್ರೇ, ಆ ಮಣ್ಣ ನಮ್ ಕೊಟ್ಟಿಗೆ ಮುಂದ್ಕೆ ಸುರೀರಿ. ಎಮ್ಮೆ ನಿಲ್ಲೋ ಜಾಗ ಕೆಸರಾಗೋಗದೆ."

"ಬ್ಯಾಡಿ ಯಜಮಾನ್ರೇ, ಒಡ್ಯೋವಾಗ ಟ್ಯೂಬ್‌ಲೈಟ್ ಬಿದ್ದು ಚೂರಾಗಿ, ಅದ್ರಲ್ಲಿ ಗಾಜು ಬೆರ್ತೋಗದೆ. ಎಮ್ಮೆ ಗೊರಸಿಗೆ ಚುಚ್ಕಂಡಾತು."

"ಓ, ಗಾಜಾ? ಆಯ್ತು ಬುಡಿ" ಎಂದರು. ಆ "ಓ" ಎಳೆದ ರೀತಿ ನನಗೆ ಹಿಡಿಸಲಿಲ್ಲ.

ಹಿಡಿಸದಿದ್ದದ್ದು ಸರಿಯೇ ಆಗಿತ್ತು. ನಮ್ಮೂರು ಎಂಥ ಊರು! ಗೋಡೆಗೊಂದು ನಿಧಿಯ ಕತೆ, ಬಾವಿಗೊಂದು ಕೊಪ್ಪರಿಗೆಯ ಕತೆ. ನಿಧಿ ಸಿಕ್ಕಿದವರನ್ನು ನಾನು ಕಂಡಿಲ್ಲ, ನಿಧಿ ಸಿಕ್ಕಿದವರನ್ನು ಕಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಅಂಥ ಊರಲ್ಲಿ ಒಬ್ಬ ಮನುಷ್ಯ ಮೇಸ್ತ್ರಿಯನ್ನು ಕರೆಯದೆ, ಬಾಗಿಲು ಮುಚ್ಚಿಕೊಂಡು ನೆಲ ಅಗೆಯುತ್ತಾನೆ. ಕೇಳಿದವರಿಗೆ ಮಣ್ಣು ಕೊಡುವುದಿಲ್ಲ. ಬಿಸಿಲೇರುವ ಮುಂಚೆ ಚೀಲದ ಬಾಯಿ ಕಟ್ಟಿ, ಸ್ಕೂಟರಿನ ಮುಂದಿಟ್ಟುಕೊಂಡು ಊರಾಚೆ ಹೋಗುತ್ತಾನೆ. ಬಾಗಿಲು ಮುಚ್ಚಿದ್ದು ಬೀದಿಗೆ ಧೂಳು ಹೋಗದಿರಲೆಂದು. ಯಾರಿಗೆ ಬೇಕು ಆ ಕಾರಣ?

ಟೀ ಅಂಗಡಿಗೆ ಹೋದರೆ ಮಾತು ನಿಲ್ಲತೊಡಗಿತು. ಹಲ್ಲು ಕಿರಿದು "ಏನ್ ಕಂಡಕ್ಟ್ರೇ, ಒಬ್ರೇ ತಿಂದ್ರೆ ಅರಗ್ತದಾ?" ಎಂದು ಕೇಳಿದವನೂ ಉಂಟು. ನಾನು ಸುಮ್ಮನಿದ್ದರೆ ಆಗುತ್ತಿತ್ತು. "ಸಿಕ್ಕಿದ್ರೆ ನಿಂಗ್ಯಾಕ್ಲಾ ಯೋಳ್ಲಿ?" ಎಂದು ರೇಗಿಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತಾರಲ್ಲ, ಹಾಗಾಯಿತು. ಮಾರನೆಯ ದಿನ ಘಟಕದ ಗೇಟಿನ ಕಾವಲಿನವನೂ ನನ್ನ ಚೀಲಕ್ಕೆ ಕಬ್ಬಿಣದ ಸರಳು ಚುಚ್ಚಿ ನೋಡಿದ. ಯಾಕಪ್ಪಾ ಎಂದರೆ, ಹಸಿ ಕಸ ಬೆರೆತಿದೆಯೋ ಏನೋ ಅಂತ ಸಾರ್, ಎಂದ.

ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ನಕ್ಕಳು. "ಸರ್ವೀಸಲ್ಲಿ ಇದ್ದಾಗ ಎಲ್ಲಾರ್ನೂ ಕಳ್ಳರು ಅಂತ ನೋಡುದ್ರಿ. ಈಗ ಅವ್ರು ವಸಿ ನೋಡ್ಲಿ ಬುಡಿ."

ನನಗೆ ನಗು ಬರಲಿಲ್ಲ. ಎದುರು ಮನೆಯವರ ಮಗಳನ್ನು ಕೊಟ್ಟಿರುವುದು ಅಣ್ಣನ ಊರಿಗೇ. ಸುದ್ದಿಗೆ ಬಸ್ಸೂ ಬೇಡ, ಟಿಕೆಟ್ಟೂ ಬೇಡ.

ಅಣ್ಣನ ಫೋನು ಬಂತು. ಮಳೆ ಹೇಗಿದೆ, ರಾಗಿ ಹೇಗಿದೆ ಎಂದೆಲ್ಲ ಆದ ಮೇಲೆ, "ನೆಲ ಒಡೆದ್ಯಂತೆ?" ಎಂದ.

"ಊಂ ಕಣಣ್ಣ. ತಂಡಿ ಏರ್ಬುಟ್ಟಿತ್ತು."

"ಒಂದ್ ಮಾತು ಯೋಳ್ಬೋದಿತ್ತು."

"ಟೈಲ್ಸ್ ಹಾಕಕ್ಕೆ ಏನ್ ಮಾತಣ್ಣ?"

"ಸರಿ ಬುಡು" ಎಂದ. ಹಬ್ಬಕ್ಕೆ ಯಾವ ಬಸ್ಸಿಗೆ ಬರುತ್ತೀಯ ಎಂದು ಕೇಳಿದೆ. ನೋಡಾನ ಎಂದು ಫೋನಿಟ್ಟ. ನಮ್ಮಣ್ಣನ ಬಾಯಲ್ಲಿ ಹಬ್ಬದ ವಿಷಯಕ್ಕೆ "ನೋಡಾನ" ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಪಾಲಾಗದ ಮನೆಯಲ್ಲಿ ಸಿಕ್ಕಿದ್ದು ಇಬ್ಬರಿಗೂ ಸೇರಬೇಕು, ತಮ್ಮ ಮುಚ್ಚಿಟ್ಟಿದ್ದಾನೆ ಎಂದುಕೊಂಡನೇ? ಅವನು ಬಾರದಿದ್ದರೆ ಅಪ್ಪ ಅವ್ವನ ಎಡೆಗೆ ಮೊದಲ ಧೂಪ ಯಾರು ಹಾಕಬೇಕು? ನನ್ನ ಕೈಯಿಂದ ಹಾಕಿದರೆ ಅಲ್ಲಿಗೆ ಅಣ್ಣ ತಮ್ಮಂದಿರ ಕತೆ ಮುಗಿದಂತೆ.

ಕೊನೆಯ ಚೀಲ ಸುರಿದು ಬರುವಾಗ ಕಾವಲಿನವನು ತಡೆದ.

"ಸಾರ್, ನಿನ್ನೆ ಒಬ್ರು ವಯಸ್ಸಾದೋರು ಬಂದಿದ್ರು. ಮೂಗು ಥೇಟ್ ನಿಮ್ದೇ. ಕಂಡಕ್ಟ್ರು ತಂದ ಮಣ್ಣು ಯಾವ ಮೂಲೇಲಿ ಸುರುದವ್ರೆ ಅಂತ ಕೇಳುದ್ರು. ಕತ್ಲಾಯ್ತು, ಒಂದಿನ ಬುಟ್ಟು ಬೆಳಗ್ಗೇನೇ ಬತ್ತೀನಿ ಅಂತ ಒಂಟೋದ್ರು."

ನನ್ನ ಮೈ ಉರಿಯಿತು. ಶ್ರೀರಂಗಪಟ್ಟಣದವರೆಗೆ ಬಂದವನಿಗೆ ಮನೆಗೆ ಬರಲು ಕಾಲು ಬರಲಿಲ್ಲ, ಕಸದ ಗುಡ್ಡೆಗೆ ಬರಲು ಬಂತು! ಊರವರು ಏನಾದರೂ ಅಂದುಕೊಳ್ಳಲಿ. ಜೊತೆಗೆ ಹುಟ್ಟಿದವನು ನನ್ನನ್ನು ಅನುಮಾನಿಸಿ ನಾನು ಎಸೆದ ಮಣ್ಣನ್ನು ಕೆದಕಲು ಬರುತ್ತಾನಲ್ಲ. ಅವನನ್ನು ಕೆದಕುತ್ತಿರುವಾಗಲೇ ಹಿಡಿಯಬೇಕು ಎನಿಸಿತು. ಹತ್ತಿದವನ ಹಿಂದೆಯೇ ಹೋಗಿ ಟಿಕೆಟ್ ಕೇಳುವ ಹಳೆಯ ಚಪಲವೇ ಅದು.

ಮಾರನೆಯ ಬೆಳಗ್ಗೆ ಸ್ಕೂಟರನ್ನು ಗೇಟಿನಾಚೆಯೇ ನಿಲ್ಲಿಸಿ ಮೆಲ್ಲಗೆ ಒಳಗೆ ಹೋದೆ. ಕರಿಘಟ್ಟದ ಮೇಲೆ ಇನ್ನೂ ಮಂಜಿತ್ತು. ಒಡೆದ ಮಣ್ಣಿನ ಮೂಲೆಯಲ್ಲಿ ಅಣ್ಣ ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಮರಳು ಸೋಸುವ ಎರಡು ಹಿಡಿಯ ದೊಡ್ಡ ಜರಡಿ. ನನ್ನ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ.

"ಏನಣ್ಣ, ಸಿಕ್ತಾ?" ಎಂದೆ.

ಅವನು ಬೆಚ್ಚಿ ತಿರುಗಿದ. ಕಾಲ ಬಳಿ ಹಾಸಿದ್ದ ಚೀಲದ ಮೇಲೆ ಕೆಂಪು ಗಾರೆಯ ಚೂರುಗಳನ್ನು ಜೋಡಿಸಿಟ್ಟಿದ್ದ. ಹಿಮ್ಮಡಿ ಇತ್ತು, ಪಾದದ ಮಧ್ಯದ ಗುಳಿ ಇತ್ತು. ಬೆರಳುಗಳಿರಲಿಲ್ಲ.

"ನನ್ ಕಾಲು ಕಣ್ಲಾ" ಎಂದ. "ಅವ್ವ ಇಟ್ಕಂಡಿದ್ದ ಕಾಲು. ಒಡ್ಯಕ್ ಮುಂಚೆ ಒಂದ್ ಮಾತು ಯೋಳಿದ್ರೆ ನಾನೇ ಬಂದು ಉಸಾರಾಗಿ ಎತ್ಕತಿರ್ಲಿಲ್ವಾ? ಆ ಮನೇಲಿ ನಂದು ಅಂತ ಇದ್ದುದ್ದು ಅದೊಂದೇ."

ಫೋನಿನಲ್ಲಿ ಅವನು ಕೇಳಿದ ಆ "ಒಂದ್ ಮಾತು" ಇದೇ ಎಂದು ಆಗ ಹೊಳೆಯಿತು. ಆದರೂ ನನ್ನ ಕಣ್ಣು ಮತ್ತೆ ಜರಡಿಯ ಮೇಲೇ ಹೋಯಿತು. ಗೇಣುದ್ದದ ಗಾರೆ ಚೂರು ಕೈಗೇ ಸಿಗುತ್ತದೆ. ಜರಡಿ ಬೇಕಾಗುವುದು ನಾಣ್ಯದಂಥ ಸಣ್ಣ ವಸ್ತುವಿಗೆ.

"ಕಾಲು ಉಡ್ಕಕ್ಕೆ ಜರಡಿ ಯಾಕಣ್ಣ?"

ಅವನು ನನ್ನ ಎರಡೂ ಕೈಗಳನ್ನು ನೋಡಿದ. ಆಮೇಲೆ ಗೇಟಿನಾಚೆ ನಿಂತ ನನ್ನ ಸ್ಕೂಟರನ್ನು ನೋಡಿದ.

"ನೀನ್ಯಾಕ್ಲಾ ಬಂದೆ? ಚೀಲ ಎಲ್ಲಿ?"

ಸರ್ವೀಸಿನಲ್ಲಿ ಯಾರೂ ನನ್ನನ್ನು ಹಾಗೆ ಹಿಡಿದಿರಲಿಲ್ಲ. ನಾನು ಬಂದದ್ದು ಮಣ್ಣು ಸುರಿಯಲು ಅಲ್ಲ, ಅವನನ್ನು ಹಿಡಿಯಲು ಎಂಬುದನ್ನು ನನ್ನ ಬರಿಗೈಯೇ ಹೇಳುತ್ತಿತ್ತು. ದೂರದಲ್ಲಿ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತಿತ್ತು. ಮೊದಲು ನಕ್ಕವನು ಅಣ್ಣ. ಅವನ ನಗು ನೋಡಿ ನನಗೂ ತಡೆಯಲಾಗಲಿಲ್ಲ.

"ಹಬ್ಬಕ್ಕೆ ಬತ್ತೀಯಾ?" ಎಂದೆ.

"ಕಾಲ್ ಬೆರ್ಳು ಸಿಕ್ಲಿ, ಬತ್ತೀನಿ. ಇಡ್ಕೊ ಆ ಕಡೆ."

ಜರಡಿಯ ಆ ಕಡೆಯ ಹಿಡಿ ಹಿಡಿದೆ. ಅವನು ಮಣ್ಣು ಎತ್ತಿ ಹಾಕಿದ, ಇಬ್ಬರೂ ಸೇರಿ ಅಲ್ಲಾಡಿಸಿದೆವು. ಅಪ್ಪ ಹಾಕಿಸಿದ ನೆಲ ಕೆಂಪು ಧೂಳಾಗಿ ಕಾಲ ಮೇಲೆ ಉದುರಿತು. ಒಂದು ಬಾಂಡ್ಲಿ ಆಯಿತು, ಇನ್ನೊಂದು ಆಯಿತು. ಮುಂದಿನ ಸಲ ಅಲ್ಲಾಡಿಸುವಾಗ ಚೂರುಗಳ ನಡುವೆ ಏನೋ ಸಣ್ಣದೊಂದು ಬಿಸಿಲಿಗೆ ಫಳ್ಳೆಂದಿತು. ನಾನೂ ಬಗ್ಗಿದೆ, ಅವನೂ ಬಗ್ಗಿದ, ಇಬ್ಬರ ತಲೆಗಳೂ ಸರಿಯಾಗಿ ಡಿಕ್ಕಿ ಹೊಡೆದವು.

ಟ್ಯೂಬ್‌ಲೈಟಿನ ಗಾಜು.