ಶೋಪಾನ್ ಊರಿಗೆ ಒಂದು ಬಸ್ಸು

ಗೋಪಾಲಕೃಷ್ಣನಿಗೆ ಎಲ್ಲಿಗೂ ಇಬ್ಬರೇ ಹೋಗಿ ಗೊತ್ತಿರಲಿಲ್ಲ. ಟೆಕ್ಸಸ್ಸಿನ ಮೆಕಿನ್ನಿಯಿಂದ ಸಮುದ್ರ ನೋಡಲು ಗ್ಯಾಲ್ವೆಸ್ಟನ್ನಿಗೆ ಹೊರಟರೂ ಹ್ಯೂಸ್ಟನ್ನಿನವರಿಗೆ ಒಂದು ಫೋನು, ಲಿಯಾಂಡರ್‌ನವರಿಗೆ ಒಂದು ಫೋನು. ದಡ ಮುಟ್ಟುವ ಹೊತ್ತಿಗೆ ಐದಾರು ಕಾರು ಸೇರಿರುತ್ತಿದ್ದವು. ಮರಳಿನ ಮೇಲೆ ಚಾಪೆ ಹಾಸಿ ಎಲ್ಲರಿಗೂ ಮೊಸರನ್ನ ಬಡಿಸುವುದು ಅವನ ಹೆಂಡತಿ ಚಿತ್ರಾಳ ಪಾಲು. ಸಮುದ್ರಕ್ಕೆ ಬೆನ್ನು ಹಾಕಿ ಕೂತೇ ಅವಳು ಎಷ್ಟೋ ಸಲ ಸಮುದ್ರ ನೋಡಿ ಬಂದಿದ್ದಳು.

ಅವನು ಕೆಟ್ಟವನಲ್ಲ. ಪ್ಲೇನೋದ ಆಫೀಸಿನಲ್ಲಿ ದಿನವಿಡೀ ಪರದೆ ನೋಡುವ ಮನುಷ್ಯ. ಸುತ್ತ ನಾಲ್ಕು ಜನ ಕನ್ನಡ ಮಾತಾಡುತ್ತಿದ್ದರೆ ಮಾತ್ರ ಅವನಿಗೆ ರಜೆ ರಜೆಯಂತೆ ಕಾಣುತ್ತಿತ್ತು. ಚಿತ್ರಾ ಇದನ್ನು ಬಲ್ಲಳು. ಬಲ್ಲಳೆಂದೇ ಸುಮ್ಮನಿರುತ್ತಿದ್ದಳು.

ಅವಳದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಬೆಳಕು ಹರಿಯುವ ಮುಂಚೆ ಮನೆ ಬಿಡಬೇಕು. ಮಧ್ಯಾಹ್ನ ಮನೆಗೆ ಬಂದಾಗ ಕಾಲು ಊದಿಕೊಂಡಿರುತ್ತಿತ್ತು. ಮಗಳು ಹರ್ಷಿಣಿ ಕೆಲಸಕ್ಕೆಂದು ಆಸ್ಟಿನ್ನಿಗೆ ಶಿಫ್ಟ್ ಆದ ಮೇಲೆ ಅವಳ ಪಿಯಾನೋ ಹಾಲಿನಲ್ಲೇ ಉಳಿಯಿತು. ಅದರ ಮೇಲೆ ಒಗೆದ ಬಟ್ಟೆ ಮಡಚಿಡುವುದು ರೂಢಿಯಾಯಿತು. ಒಂದು ದಿನ ಬಟ್ಟೆ ತೆಗೆದ ಚಿತ್ರಾ ಅಲ್ಲೇ ಕೂತು ಒಂದು ಬೆರಳಿನಿಂದ ಒತ್ತಿ ನೋಡಿದಳು. ಮುಂದಿನ ವಾರ ಮಗಳಿಗೆ ಕಲಿಸಿದ ಟೀಚರ್ ಬಳಿಗೇ ಹೋದಳು. ವರ್ಷಕ್ಕೊಮ್ಮೆ ಮಕ್ಕಳ ಕಾರ್ಯಕ್ರಮ ನಡೆಯುವಾಗ ಎಂಟು ವರ್ಷದ ಹುಡುಗನ ನಂತರ, ಒಂಬತ್ತು ವರ್ಷದ ಹುಡುಗಿಯ ಮುಂಚೆ, ಐವತ್ತು ದಾಟಿದ ಚಿತ್ರಾ ರೇಷ್ಮೆ ಸೀರೆ ಉಟ್ಟು ಬಂದು ಕೂತು ನುಡಿಸುತ್ತಿದ್ದಳು. ತಪ್ಪುತ್ತಿದ್ದಳು. ಎದ್ದು ನಮಸ್ಕಾರ ಮಾಡುತ್ತಿದ್ದಳು.

ಪೋಲೆಂಡಿನ ಮಾತು ಹೇಳಿದವರೂ ಆ ಟೀಚರ್ರೇ. ವಾರ್ಸಾ ಪಟ್ಟಣದಿಂದ ಒಂದು ಗಂಟೆಯ ದಾರಿಯಲ್ಲಿ ಝೆಲಜೋವಾ ವೋಲಾ ಎಂಬ ಹಳ್ಳಿ ಇದೆಯಂತೆ, ಇನ್ನೂರು ವರ್ಷದ ಹಿಂದೆ ಪಿಯಾನೋ ಸಂಗೀತ ಬರೆದ ಶೋಪಾನ್ ಹುಟ್ಟಿದ್ದು ಅಲ್ಲಿಯ ಒಂದು ಬಿಳಿ ಮನೆಯಲ್ಲಂತೆ. ಬೇಸಿಗೆಯ ಭಾನುವಾರಗಳಲ್ಲಿ ಆ ಮನೆಯೊಳಗೆ ಯಾರಾದರೂ ಪಿಯಾನೋ ನುಡಿಸುತ್ತಾರೆ. ಕೇಳುವವರು ಹೊರಗೆ ತೋಟದಲ್ಲಿ ಕೂರಬೇಕು. ನುಡಿಸುವವರು ಕಾಣುವುದಿಲ್ಲ. ಕಿಟಕಿಯಿಂದ ಬಂದದ್ದನ್ನು ಕೇಳುವುದು, ಅಷ್ಟೆ. ಚಿತ್ರಾಗೆ ಈ ‘ಅಷ್ಟೆ’ ತುಂಬ ಹಿಡಿಸಿತು.

“ರೀ, ಅಲ್ಲಿಗೊಂದು ಸಲ ಹೋಗಿ ಬರೋಣ” ಎಂದಳು. ಅವಳು ಇಷ್ಟು ನೇರವಾಗಿ ಏನನ್ನಾದರೂ ಕೇಳಿದ್ದು ಅಪರೂಪ. ಗೋಪಾಲಕೃಷ್ಣ ಖುಷಿಯಿಂದ ಫೋನು ಕೈಗೆತ್ತಿಕೊಂಡ. ವಾರ ಕಳೆಯುವುದರಲ್ಲಿ ಪೋಲೆಂಡಿನಲ್ಲಿ ಒಂದು ಬಸ್ಸು ತುಂಬುವಷ್ಟು ಜನ ಆದರು.

“ಸಂಗೀತ ಯಾತ್ರೆ ಅಂತ ಹೆಸರಿಟ್ಟಿದೀನಿ” ಎಂದ.

“ನಾನು ಹೇಳಿದ್ದು ಇಬ್ಬರು.”

“ನಾವಿಬ್ಬರೂ ಇದೀವಲ್ಲ ಅದರಲ್ಲಿ.”

ಚಿತ್ರಾ ಚಟ್ನಿಪುಡಿಗೆ ಕಡಲೆಬೇಳೆ ಹುರಿಯಲು ಹೋದಳು. ಡ್ಯೂಟಿ ಮುಗಿಸಿ ಬಂದು ದಿನಕ್ಕೊಂದು ಪುಡಿ, ದಿನಕ್ಕೊಂದು ಗೊಜ್ಜು. ಆ ದಿನಗಳಲ್ಲಿ ಪಿಯಾನೋ ಮೇಲೆ ಬಟ್ಟೆಯ ಬದಲು ಡಬ್ಬಿಗಳು ಕೂತವು.

ಒಂದು ವಿಷಯದಲ್ಲಿ ಮಾತ್ರ ಅವಳು ಬಾಯಿ ಬಿಟ್ಟಳು. ವಾರ್ಸಾದ ಒಂದು ಚರ್ಚಿನ ಕಂಬದೊಳಗೆ ಶೋಪಾನನ ಹೃದಯವನ್ನು ಇಟ್ಟಿದ್ದಾರೆ. ಅವನು ಸತ್ತದ್ದು ಪ್ಯಾರಿಸ್ಸಿನಲ್ಲಿ. ದೇಹ ಅಲ್ಲೇ ಉಳಿಯಿತು, ಹೃದಯವನ್ನು ಮಾತ್ರ ಅವನ ಅಕ್ಕ ತಾಯ್ನಾಡಿಗೆ ತಂದಳು. ಗಂಡನ ಪಟ್ಟಿಯಲ್ಲಿ ಆ ಚರ್ಚು ಭಾನುವಾರ ಬೆಳಿಗ್ಗೆ ಇತ್ತು. ಅಲ್ಲಿಂದ ಹುಟ್ಟೂರಿಗೆ, ಸಂಗೀತ ಕಛೇರಿ, ಬುತ್ತಿ ಊಟ, ಸೀದಾ ಕ್ರಾಕೋವ್ ಪಟ್ಟಣಕ್ಕೆ.

“ಚರ್ಚನ್ನ ಹಿಂದಿನ ದಿನ ಸಂಜೆ ಇಡಿ. ನೋಡಿಕೊಂಡು ಹೋಟೆಲಿಗೆ ಬಂದು ಬೇಕಾದವರು ಸ್ನಾನ ಮಾಡ್ತಾರೆ.”

“ಈ ಕಾಲದಲ್ಲಿ ಯಾರು ಅದೆಲ್ಲ ನೋಡ್ತಾರೆ? ದಾರೀಲೇ ಸಿಗತ್ತೆ, ಬೆಳಿಗ್ಗೆ ಮುಗಿಸಿಬಿಡೋಣ.”

ಮೈಸೂರಿನಲ್ಲಿ ಸಾವಿನ ಮನೆಗೆ ಹೋಗಿ ಬಂದ ಅಪ್ಪನ ತಲೆಗೆ ಹಿತ್ತಲಿನಲ್ಲೇ ನೀರು ಹೊಯ್ಯುತ್ತಿದ್ದುದನ್ನು ನೋಡಿ ಬೆಳೆದವನು ಹೀಗೆಂದ. ಅವಳು ಹುರಿದ ಬೇಳೆಯನ್ನು ಆರಲು ಹರವಿದಳು.

ವಾರ್ಸಾದಲ್ಲಿ ಭಾನುವಾರ ಎಲ್ಲರೂ ಕೋಣೆ ಖಾಲಿ ಮಾಡಿ, ಪೆಟ್ಟಿಗೆಗಳನ್ನು ಬಸ್ಸಿಗೇರಿಸಿ ಚರ್ಚಿಗೆ ಹೋದರು. ಎರಡು ಪೂಜೆಗಳ ನಡುವಿನ ಬಿಡುವಿನಲ್ಲಿ ಒಳಗೆ ಬಿಟ್ಟರು. ಗೈಡ್ ಹುಡುಗಿ ಕಂಬದ ಹತ್ತಿರ ನಿಂತು ತಗ್ಗಿದ ದನಿಯಲ್ಲಿ, ಹೃದಯವನ್ನು ಗಾಜಿನ ಭರಣಿಯಲ್ಲಿ ಮದ್ಯದಂಥ ದ್ರವದೊಳಗೆ ಇಟ್ಟಿರುವುದನ್ನು ವಿವರಿಸಿದಳು. ಹ್ಯೂಸ್ಟನ್ನಿನ ಬದರಿನಾಥ್ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ಚಿತ್ರಾ ಕಂಡಳು. ಧಾರವಾಡದ ಕಡೆಯವರು, ವಯಸ್ಸಾದವರು, ಆಯುಷ್ಯವೆಲ್ಲ ಡಾಕ್ಟರಿಕೆ ಮಾಡಿದವರು.

ಹೊರಗೆ ಬಂದ ಮೇಲೆ ಅವರು ಗೋಪಾಲಕೃಷ್ಣನನ್ನು ಪಕ್ಕಕ್ಕೆ ಕರೆದರು. “ತಪ್ಪು ತಿಳ್ಕೋಬ್ಯಾಡ್ರಿ. ಸತ್ತವರ ಅವಯವ ಇದ್ದಲ್ಲಿ ಹೋಗಿ ಬಂದು, ಮೈಮ್ಯಾಲೆ ನೀರು ಹಾಕ್ಕೊಳ್ಳದ ಅನ್ನ ಮುಟ್ಟಂಗಿಲ್ಲ ನಾ. ಒಂದು ಬಾತ್‌ರೂಮ್ ಸಿಗತದೇನು?”

ಲಿಯಾಂಡರ್‌ನ ಅನಿರುದ್ಧ್‌ಗೆ ಇದು ಕೇಳಿಸಿತು. ಬಸ್ಸಿನಲ್ಲಿ ಎಲ್ಲರ ಕಾಲೆಳೆಯುವ ಹುಡುಗ ಅವನು. “ಅಂಕಲ್, ಆಸ್ಪತ್ರೇಲಿ ಎಷ್ಟು ಹಾರ್ಟ್ ಮುಟ್ಟಿದೀರೋ!”

“ಅದು ಡ್ಯೂಟಿ. ಮನೀಗೆ ಹೋಗಿ ಜಳಕ ಮಾಡೇ ಉಣ್ತಿದ್ದೆ.”

“ಮತ್ತೆ ಮಂತ್ರಾಲಯ? ಅಲ್ಲೂ ಬೃಂದಾವನ ಅಲ್ವಾ?”

“ಅಲ್ಲಿ ರಾಯರು ಜೀವಂತ ಅದಾರ” ಎಂದರು ಬದರಿನಾಥ್, ಕೋಪವಿಲ್ಲದೆ. “ಈ ಮನುಷ್ಯಾ ಸತ್ತಾನಪಾ.”

ನಗು ಎದ್ದಿತು. ಆದರೆ ನಕ್ಕವರಲ್ಲೇ ಒಬ್ಬರು, ಬದರಿ ಅಂಕಲ್ ಮಾಡುವುದಾದರೆ ನಾವೂ ಮಾಡಿಬಿಡೋಣ, ಹೇಗೂ ಬುತ್ತಿ ಚಿತ್ರಾ ಆಂಟಿಯ ಮಡಿ ಅಡುಗೆ ಎಂದರು. ಇನ್ನೊಬ್ಬರಿಗೆ ತಮ್ಮ ಅತ್ತೆಯ ನೆನಪಾಯಿತು. ಅದುವರೆಗೆ ಸ್ನಾನ ಯಾರ ಮನಸ್ಸಿನಲ್ಲೂ ಇರಲಿಲ್ಲ. ಈಗ ಮಾಡದೆ ಊಟಕ್ಕೆ ಕೂರುವ ಧೈರ್ಯ ಯಾರಿಗೂ ಬರಲಿಲ್ಲ. ಬಸ್ಸು ಹೋಟೆಲಿಗೆ ತಿರುಗಿತು. ಕೋಣೆಗಳೆಲ್ಲ ಬೇರೆಯವರಿಗೆ ಹೋಗಿದ್ದವು. ಬೇಡಿಕೊಂಡ ಮೇಲೆ ಎರಡು ಸಿಕ್ಕವು. ಎರಡು ಬಾತ್‌ರೂಮು, ಒಂದು ಬಸ್ಸು ಜನ. ಟವೆಲು ಹೆಗಲ ಮೇಲೆ ಹಾಕಿಕೊಂಡು ಕಾರಿಡಾರಿನಲ್ಲಿ ಸಾಲು ನಿಂತರು.

ಚಿತ್ರಾ ಗಡಿಯಾರ ನೋಡಿದಳು. ಕಛೇರಿ ಹನ್ನೆರಡಕ್ಕೆ. ಈ ಸಾಲು ಕರಗುವಷ್ಟರಲ್ಲಿ ಅಲ್ಲಿ ಮುಗಿದಿರುತ್ತದೆ. ಇನ್ನೊಂದು ಕಛೇರಿ ಮೂರಕ್ಕೆ ಇತ್ತು, ಆದರೆ ಅಷ್ಟು ಹೊತ್ತಿಗೆ ಬಸ್ಸು ಕ್ರಾಕೋವ್ ದಾರಿಯಲ್ಲಿರಬೇಕು. ಅವಳು ಗಂಡನನ್ನು ನೋಡಿದಳು. ಅವನು ಯಾರಿಗೋ ಸೋಪು ಹುಡುಕಿ ಕೊಡುತ್ತಿದ್ದ.

ಪಕ್ಕದಲ್ಲಿ ಬದರಿನಾಥರ ಹೆಂಡತಿ ಲೀಲಾವತಿ ಕುರ್ಚಿಯಲ್ಲಿ ಕೂತಿದ್ದರು. ಮಂಡಿನೋವು ಅವರಿಗೆ. ಹೊರಟ ದಿನದಿಂದ ಅವರ ಕೋಣೆಯಲ್ಲೇ ಮಲಗಿ, ರಾತ್ರಿ ಎಬ್ಬಿಸಿ ಬಾತ್‌ರೂಮಿಗೆ ಕರೆದೊಯ್ಯುವುದು, ಬೆಳಿಗ್ಗೆ ಸೀರೆಯ ನೆರಿಗೆ ಹಿಡಿಯುವುದು ಎಲ್ಲ ಚಿತ್ರಾಳೇ.

“ನೀ ಟ್ಯಾಕ್ಸಿ ಮಾಡ್ಕೊಂಡು ಹೋಗವಾ” ಎಂದರು ಲೀಲಾವತಿ.

“ನಿಮ್ಮ ಸೀರೆ?”

“ಹೆಂಗರ ಸುತ್ಕೋತೀನಿ. ಇಲ್ಲಿ ನನ್ನ ಯಾರು ನೋಡ್ತಾರ?”

“ನನ್ನದೂ ಸ್ನಾನ ಆಗಿಲ್ಲ.”

“ಉಣಬ್ಯಾಡ, ಅಷ್ಟ. ಕಿವಿಗೆ ಮೈಲಿಗಿ ಇಲ್ಲ.”

ಚಿತ್ರಾ ಹೋದಳು. ಗೋಪಾಲಕೃಷ್ಣ ಬಾಗಿಲವರೆಗೆ ಬಂದು, “ನಾವು ಹಿಂದೇನೇ ಬರ್ತೀವಿ, ಎಲ್ಲರಿಗೂ ಜಾಗ ಹಿಡಿದಿರು” ಎಂದ.

ತೋಟ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಬಿಳಿ ಮನೆ ಅಂದುಕೊಂಡದ್ದಕ್ಕಿಂತ ಚಿಕ್ಕದು. ಗೋಡೆಗೆ ಬಳ್ಳಿ ಹಬ್ಬಿತ್ತು, ಕಿಟಕಿ ತೆರೆದಿತ್ತು. ಅವಳು ಯಾರಿಗೂ ಜಾಗ ಹಿಡಿಯಲಿಲ್ಲ. ಕೊನೆಯ ಸಾಲಿನಲ್ಲಿ, ಹ್ಯಾಟು ಹಾಕಿದ ಒಬ್ಬ ಮುದುಕಿಯ ಪಕ್ಕ ಕೂತಳು. ಒಳಗೆ ಪಿಯಾನೋ ಶುರುವಾಯಿತು. ಚಿಕ್ಕ ಮಜೂರ್ಕಾ ಒಂದು, ಅಲ್ಲಿಯ ಹಳ್ಳಿಗಳ ಕುಣಿತದ ಧಾಟಿ. ಅದನ್ನು ಅವಳು ಮೆಕಿನ್ನಿಯ ಹಾಲಿನಲ್ಲಿ ವರ್ಷವಿಡೀ ಎಡವಿಕೊಂಡು ನುಡಿಸಿದ್ದಳು. ತಾನು ಅವಸರದಲ್ಲಿ ದಾಟುತ್ತಿದ್ದ ಒಂದು ತಿರುವಿನಲ್ಲಿ ಒಳಗಿನವರು ನಿಧಾನಿಸಿದರು, ಯಾರನ್ನೋ ಮುಂದೆ ಹೋಗಲು ಬಿಟ್ಟು ನಿಂತ ಹಾಗೆ. ಆಮೇಲೆ ಹೊರಟರು. ಚಿತ್ರಾಳ ಬೆರಳುಗಳು ಮಡಿಲಲ್ಲಿ ಆ ತಿರುವನ್ನು ಮತ್ತೊಮ್ಮೆ ನುಡಿಸಿದವು. ಇನ್ನು ಮುಂದಿನದು ಎಂದು ಅವಳು ಕುರ್ಚಿಗೆ ಒರಗಿದಳು.

ಮುದುಕಿ ಭುಜ ಮುಟ್ಟಿದಾಗ ಜನ ಎದ್ದು ಹೋಗುತ್ತಿದ್ದರು. ಕಿಟಕಿ ಮುಚ್ಚಿತ್ತು. ಮುದುಕಿ ಏನೋ ಹೇಳಿ, ನಕ್ಕು, ಒಂದು ಪೆಪ್ಪರ್‌ಮಿಂಟ್ ಕೊಟ್ಟಳು. ಸ್ನಾನ ಆಗಿರಲಿಲ್ಲವಲ್ಲ, ಚಿತ್ರಾ ಅದನ್ನು ಕೈಚೀಲದೊಳಗೆ ಹಾಕಿಕೊಂಡಳು. ಅಳು ಬರಬೇಕಿತ್ತು. ಅದಕ್ಕೂ ಸುಸ್ತು.

ಬಸ್ಸು ಬಂದಾಗ ತೋಟ ಖಾಲಿಯಾಗಿತ್ತು. ಒದ್ದೆ ತಲೆಗೂದಲಿನ ಜನ ಇಳಿದು ಬುತ್ತಿ ಬಿಚ್ಚಿದರು. “ಹೇಗಿತ್ತು?” ಎಂದ ಗೋಪಾಲಕೃಷ್ಣ. “ಚೆನ್ನಾಗಿತ್ತು” ಎಂದಳು.

ಟೆಕ್ಸಸ್ಸಿಗೆ ಮರಳಿ ಕೆಲವು ವಾರಗಳ ಮೇಲೆ ಸೌತ್‌ಲೇಕ್‌ನ ಒಬ್ಬರ ಮನೆಯಲ್ಲಿ ಎಲ್ಲರೂ ಕೂಡಿದರು. ದೊಡ್ಡ ಟೀವಿಯಲ್ಲಿ ಫೋಟೋಗಳು ಓಡಿದವು. ಹುಟ್ಟೂರಿನ ಫೋಟೋದಲ್ಲಿ ಮರದಡಿ ಚಿತ್ರಾ ಬಿಟ್ಟು ಎಲ್ಲರೂ ಪುಳಿಯೋಗರೆ ತಿನ್ನುತ್ತಿದ್ದರು. ಅನಿರುದ್ಧ್ ಎದ್ದು, “ನಮ್ಮೆಲ್ಲರ ಪರವಾಗಿ ಕಛೇರಿ ಕೇಳಿದವರು ಚಿತ್ರಾ ಆಂಟಿ ಒಬ್ಬರೇ. ನಾವು ಕೇಳಿದ್ದು ನಲ್ಲಿ ನೀರು. ಆಂಟಿ, ಸ್ವಲ್ಪ ಹೇಳಿ” ಎಂದು ಮೈಕು ಕೈಗಿಟ್ಟ.

ಚಿತ್ರಾ ಮೈಕು ಹಿಡಿದು ನಿಂತಳು. ಏನಾದರೂ ಹೇಳಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು?

“ಮೊದಲನೇದು ಕೇಳಿದೆ” ಎಂದಳು. “ತುಂಬಾ ಚೆನ್ನಾಗಿತ್ತು. ಆಮೇಲೆ ನಿದ್ದೆ ಬಂದುಬಿಡ್ತು. ಮುಗಿದ ಮೇಲೆ ಎದ್ದೆ.”

ಮನೆ ತುಂಬ ನಗು. ಗೋಪಾಲಕೃಷ್ಣನೂ ನಕ್ಕು, ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಲೀಲಾವತಿ ನಗಲಿಲ್ಲ. “ನಾನ ಅಕೀನ್ನ ಒಂದು ರಾತ್ರಿನೂ ಮಲಗಗೊಟ್ಟಿಲ್ಲ” ಎಂದರು. ಬದರಿನಾಥ್ ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ಕೋಸಂಬರಿಯನ್ನು ಚಮಚದಿಂದ ಅತ್ತಿತ್ತ ಸರಿಸಿದರು.

ಯಾರೋ ಮಾತು ಬದಲಿಸಲು, ಮುಂದಿನ ವರ್ಷ ವಿಯೆನ್ನಾ ಅಂತೆ, ಆಂಟಿ ಚಟ್ನಿಪುಡಿ ಇರತ್ತಲ್ಲ ಎಂದರು.

“ನಾನು ಬರಲ್ಲ” ಎಂದು ಚಿತ್ರಾ ಮೈಕಿನಲ್ಲೇ ಹೇಳಿಬಿಟ್ಟಳು. ಅದು ಇಷ್ಟು ಜೋರಾಗಿ ಕೇಳುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಮನೆಗೆ ಹೋಗುವಾಗ ಗೋಪಾಲಕೃಷ್ಣ ಕಾರಿನ ರೇಡಿಯೋ ಆರಿಸಿದ.

“ನಿದ್ದೆ ಬಂತು ಅಂತ ನನಗೂ ಹೇಳಲಿಲ್ಲ ನೀನು.”

“ನೀವೆಲ್ಲ ಬುತ್ತಿ ಬಿಚ್ತಾ ಇದ್ರಿ.”

ಅವನು ಗಾಡಿ ನಿಧಾನ ಮಾಡಿದ. “ಮತ್ತೆ ಹೋಗೋಣ ಅಲ್ಲಿಗೆ. ಬರೋ ಬೇಸಿಗೆಗೆ. ಒಂದು ಭಾನುವಾರಕ್ಕೆ ಅಂತಲೇ.”

“ಬಸ್ಸು?”

“ಬಸ್ಸಿಲ್ಲ. ನಾವಿಬ್ಬರೇ.”

ಚಿತ್ರಾ ತಲೆಯಾಡಿಸಿದಳು. ಎರಡೂ ಕಡೆ ಹೊಸ ಮನೆಗಳ ದೀಪಗಳು ಹಿಂದೆ ಸರಿದವು. ಸ್ವಲ್ಪ ದೂರ ಹೋದ ಮೇಲೆ ಅವನು ಕೆಮ್ಮಿದ.

“ಬದರಿನಾಥ್ ಅವರಿಗೆ ಒಂದು ಮಾತು ಹೇಳೋದಾ? ಅವರಿಗೂ ಮನಸ್ಸಿಗೆ ಬೇಜಾರಾಗಿದೆ ಪಾಪ. ಅವರು ಇಬ್ಬರು, ನಾವು ಇಬ್ಬರು.”

ಚಿತ್ರಾ ಅವನ ಕಡೆ ತಿರುಗಿ ನೋಡಿದಳು. ನಗು ಬಂತು, ಅದು ಪೂರ್ತಿ ನಗುವಾಗಲಿಲ್ಲ.

“ನೀವು ಅವರ ಜೊತೆ ವಿಯೆನ್ನಾಗೆ ಹೋಗಿ” ಎಂದಳು. “ಶೋಪಾನ್ ಊರಿಗೆ ನಾನೊಬ್ಬಳೇ ಹೋಗಿ ಬರ್ತೀನಿ. ಒಂದು ವಾರ ಮೊದಲೇ ಹೋಗಿ, ಚೆನ್ನಾಗಿ ನಿದ್ದೆ ಮಾಡಿ, ಆಮೇಲೆ ಕೇಳ್ತೀನಿ.”